ವಚನಶಾಸ್ತ್ರದ ಪಿತಾಮಹ ಫ. ಗು. ಹಳಕಟ್ಟಿಯವರು

1956ನೆಯ ಇಸವಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಬಿಜಾಪುರದ ವೃದ್ಧ ವಕೀಲರೊಬ್ಬರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ವಿಶ್ವವಿದ್ಯಾಲಯವು ಹುಟ್ಟಿ ಆಗ ಕೇವಲ 7 ವರ್ಷಗಳಾಗಿದ್ದುವು. ಪದವಿಯನ್ನು ಸ್ವೀಕರಿಸಿದವರ ವಯಸ್ಸು 75ನ್ನು ದಾಟಿತ್ತು. ಅವರು ಯಾವ ವಿಶ್ವವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದವರಲ್ಲ. ಸಂಶೋಧನೆಗೆಂದು ಸರಕಾರದಿಂದ ವೇತನವನ್ನು ಪಡೆದವರೂ ಅಲ್ಲ. ಆದರೂ ಅಂದಿನಿಂದ ಇಂದಿನವರೆಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಚನಸಾಹಿತ್ಯವೆಂಬ ಹೆಸರಿನಿಂದ ಯಾವ ವ್ಯಾಸಂಗವು ನಡೆದುಬಂದಿದೆಯೋ ಅದರ ತಳಹದಿಯನ್ನು ಒಬ್ಬಂಟಿಗರಾಗಿ ಹಾಕಿದ ಮಹನೀಯರು ಇವರೇ. ಇವರ ಜೀವನವನ್ನು ನೆನೆಯುವುದು ನಮ್ಮ ಮಠಗಳಿಗೂ ಮನೆತನಗಳಿಗೂ ಒಂದು ಆತ್ಮಪರೀಕ್ಷೆಯ ಸಂದರ್ಭವೂ ಹೌದು. ಏಕೆಂಬುದು ಮುಂದೆ ತಾನಾಗಿ ತಿಳಿಯುವುದು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಜನಿಸಿದುದು 1880ನೆಯ ಜುಲೈ 2ರಂದು, ಧಾರವಾಡದಲ್ಲಿ. ಲಿಂಗವಂತರ ಮನೆಯ ಮಗುವಿಗೆ ಫಕೀರಪ್ಪನೆಂಬ ಹೆಸರೇ ಎಂದು ದಕ್ಷಿಣದ ವಾಚಕರು ಅಚ್ಚರಿಪಡಬಹುದು. ಶಿರಹಟ್ಟಿಯ ಫಕೀರೇಶ್ವರರ ಮಠವನ್ನು ಬಲ್ಲ ಉತ್ತರದವರಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಧಾರವಾಡದಲ್ಲಿ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಆ ಕಾಲದ ಉನ್ನತ ಶಿಕ್ಷಣದಲ್ಲಿ ಇಂಗ್ಲಿಷಿಗೆ ಸಿಂಹಾಸನ, ಸಂಸ್ಕೃತಕ್ಕೆ ಮಣೆ. ಕನ್ನಡವು ಹೊಸ್ತಿಲಾಚೆ ನಿಲ್ಲಬೇಕಾದ ಸ್ಥಿತಿ. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಂತಮ್ಮ ಭಾಷೆ ಸಾಹಿತ್ಯಗಳ ವಿಷಯದಲ್ಲಿ ತೋರುತ್ತಿದ್ದ ಅಭಿಮಾನವನ್ನು ಕಂಡಾಗ ಆ ತರುಣನ ಮನಸ್ಸಿನಲ್ಲಿ ತನ್ನ ನುಡಿಯ ಬಗೆಗೆ ನೋವೂ ಛಲವೂ ಏಕಕಾಲಕ್ಕೆ ಮೂಡಿದುವು.

ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ಅವರು ಬಿಜಾಪುರಕ್ಕೆ ಬಂದು ನೆಲೆಸಿದರು. ಆ ಊರಿಗೆ ಅವರಿಂದಾದ ಸೇವೆಯನ್ನು ಇಲ್ಲಿ ವಿಸ್ತರಿಸುವಂತಿಲ್ಲ. 1910ರಲ್ಲಿ ಬಿಜಾಪುರ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ, ಕರ್ನಾಟಕದ ಏಕೀಕರಣಕ್ಕಾಗಿ ದುಡಿಮೆ, ರಾವ್ ಬಹದ್ದೂರ್ ಬಿರುದು: ಒಬ್ಬ ಸಾರ್ವಜನಿಕ ಕಾರ್ಯಕರ್ತನ ಬಾಳು ಧನ್ಯವಾಗಲು ಇಷ್ಟೇ ಸಾಕಾಗಿತ್ತು. ಆದರೆ ಇವೆಲ್ಲವೂ ಅವರ ಜೀವನದ ಹೊರ ಅಂಗಳ, ಗರ್ಭಗುಡಿ ಬೇರೊಂದಿತ್ತು.

ಕಾನೂನಿನ ವ್ಯಾಸಂಗವಿನ್ನೂ ಮುಗಿಯದ ದಿನಗಳಲ್ಲಿ, 1903ರ ಸುಮಾರಿಗೆ, ಬನಹಟ್ಟಿಯ ಕಡೆಯ ಭಕ್ತರ ಮನೆಯೊಂದರಲ್ಲಿ ಅವರ ಕಣ್ಣಿಗೆ ತಾಡವೋಲೆಯ ಕಟ್ಟುಗಳು ಬಿದ್ದಿದ್ದುವು. ಬಿಚ್ಚಿ ಓದಿದರೆ ಶರಣರ ವಚನಗಳು. ಅಂದು ಹಿಡಿದ ಹುಚ್ಚು ಅವರನ್ನು ಬಾಳಿನ ಕೊನೆಯವರೆಗೂ ಬಿಡಲಿಲ್ಲ. ಅಂದಿನ ಪರಿಸ್ಥಿತಿಯನ್ನು ಇಂದಿನ ವಾಚಕರು ಊಹಿಸಿಕೊಳ್ಳುವುದು ಕಷ್ಟ. ಬಸವಣ್ಣನವರ ಹೆಸರನ್ನು ಅರಿಯದ ಮನೆಯಿರಲಿಲ್ಲ. ಅವರ ಮಾತನ್ನು ಓದಿದ ಮನೆ ವಿರಳವಾಗಿತ್ತು. ವಚನದ ಕಟ್ಟುಗಳು ಎಷ್ಟೋ ಕಡೆಗಳಲ್ಲಿ ದೇವರ ಜಗಲಿಯ ಮೇಲೆ ವಿಭೂತಿ ಪತ್ರೆಗಳ ನಡುವೆ ಪೂಜೆಗೊಳ್ಳುತ್ತಿದ್ದುವು. ಪೂಜಿಸುವವರು ಅವನ್ನು ಬಿಚ್ಚುತ್ತಿರಲಿಲ್ಲ, ಬಿಚ್ಚಬೇಕೆಂದವರಿಗೆ ಕೊಡುತ್ತಲೂ ಇರಲಿಲ್ಲ. ಪೂಜೆಗೊಳ್ಳುತ್ತಿರುವಂತೆಯೇ ಗೆದ್ದಲು ಹುಳುಗಳು ತಮ್ಮ ಕೆಲಸವನ್ನು ನಡೆಸಿದ್ದುವು. ಶರಣರು ಅರಿವನ್ನು ಗುಹೆಯಲ್ಲಿ ಮುಚ್ಚಿಡದೆ ಸಕಲರ ಮುಂದೆ ಆಡುನುಡಿಯಲ್ಲಿ ಹರಡಿದವರು. ಅವರ ವಾಣಿಯನ್ನೇ ನಾವು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ಇಟ್ಟಿದ್ದೆವು. ಇದನ್ನು ಮಠದ ಪತ್ರಿಕೆಯಲ್ಲಿಯೇ ಬರೆಯುವುದು ಉಚಿತವೆಂದು ನಮಗೆ ತೋರುತ್ತದೆ.

ಹಳಕಟ್ಟಿಯವರು ಊರಿಂದೂರಿಗೆ ಅಲೆದರು. ಸಿಕ್ಕ ಕಡೆ ಕಟ್ಟುಗಳನ್ನು ಬೇಡಿ ತಂದರು. ತರಲಾಗದ ಕಡೆ ಪ್ರತಿ ಮಾಡಿಸಿಕೊಂಡರು. ಹಗಲು ಕಚೇರಿಯ ಕಾಗದಪತ್ರಗಳು, ಉಳಿದ ಹೊತ್ತು ಓಲೆಗರಿಗಳು. ಹಳೆಯ ಲಿಪಿಯ ಬರಹ, ಪದವಿಭಾಗವಿಲ್ಲದ ಸಾಲುಗಳು, ಮುರಿದ ಅಂಚುಗಳು; ಒಂದು ಪ್ರತಿಯಲ್ಲಿ ಇದ್ದುದು ಇನ್ನೊಂದರಲ್ಲಿಲ್ಲ. ವಚನದ ಕೊನೆಯ ಅಂಕಿತವನ್ನು ಹಿಡಿದು ಕರ್ತೃವನ್ನು ಗೊತ್ತುಮಾಡಬೇಕು. ಅಂಕಿತವೇ ಅಳಿಸಿಹೋದಲ್ಲಿ ಬೇರೆ ಪ್ರತಿಗಾಗಿ ಕಾಯಬೇಕು. ಇಂದು ಸಂಶೋಧನ ವಿದ್ಯಾರ್ಥಿಗಳಿಗೆ ತರಗತಿಗಳಲ್ಲಿ ಕಲಿಸಿಕೊಡುವ ಈ ವಿದ್ಯೆಯನ್ನು ಅವರು ತಮ್ಮಷ್ಟಕ್ಕೆ ತಾವೇ ಕಲಿತರು. ಸಾಕ್ಷ್ಯಗಳನ್ನು ಎದುರುಬದುರಿಟ್ಟು ತೂಗುವ ವಕೀಲಿ ವೃತ್ತಿಯ ಅಭ್ಯಾಸವು ಇದಕ್ಕೆ ನೆರವಾಗಿರಬೇಕೆಂದು ನಾವು ತಿಳಿಯುತ್ತೇವೆ. 1922ರಲ್ಲಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು.

ಸಂಗ್ರಹಿಸಿದುದನ್ನು ಅಚ್ಚು ಹಾಕಿಸುವ ಕಾರ್ಯವು ಸಂಗ್ರಹಕ್ಕಿಂತಲೂ ದುಸ್ತರವಾಯಿತು. ‘ವಚನಶಾಸ್ತ್ರಸಾರ’ದ ಮೊದಲ ಭಾಗದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು, ಅದು ಅಚ್ಚಾಗದೆಯೇ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಗ್ರಂಥವು ಬೆಳಕು ಕಂಡಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಎಂ.ಎ. ತರಗತಿಯು ಆರಂಭವಾದುದೇ 1927ರಲ್ಲಿ ಎಂಬುದನ್ನು ಜ್ಞಾಪಿಸಿಕೊಂಡರೆ ಈ ಪ್ರಕಟನೆಯ ಮಹತ್ತ್ವವು ಅರಿವಾಗುವುದು. ಕನ್ನಡಕ್ಕೆ ಉನ್ನತ ಪೀಠವು ದೊರೆಯುವ ಮುನ್ನವೇ ಆ ಪೀಠದಲ್ಲಿ ಓದಬೇಕಾದ ಗ್ರಂಥವೊಂದು ಸಿದ್ಧವಾಗಿತ್ತು.

ಹೆರವರ ಮುದ್ರಣಾಲಯವನ್ನು ನಂಬಿ ಈ ಕಾರ್ಯವು ಸಾಗದೆಂದು ಕಂಡುಕೊಂಡ ಅವರು 1925ರಲ್ಲಿ ತಾವು ವಾಸಿಸುವ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ವಕೀಲಿಯಿಂದ ಬಂದುದು ಅಚ್ಚಿನ ಮೊಳೆಗೂ ಕಾಗದಕ್ಕೂ ಸಂದಿತು. ಅವರು ಮುಂದೆ ಬಾಡಿಗೆಯ ಮನೆಯಲ್ಲಿಯೇ ಕಾಲ ಕಳೆದರು. ಗೃಹಿಣಿ ಭಾಗೀರಥಿಯವರ ಸಹನೆಯನ್ನು ಯಾವ ಗ್ರಂಥದ ಮುನ್ನುಡಿಯೂ ಪೂರ್ಣವಾಗಿ ಅಳೆಯಲಾರದು. ಕಾಯಕ ದಾಸೋಹಗಳ ಮೇಲೆ ಭಾಷಣ ಮಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಇಲ್ಲಿ ಒಂದು ಸಂಸಾರವು ತನ್ನ ಸೂರನ್ನು ಕೊಟ್ಟು ವಚನಗಳಿಗೆ ಸೂರನ್ನು ಕಟ್ಟಿತು.

1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷ ಪದವಿಯೂ 1926ರಲ್ಲಿಯೇ ಅವರಿಗೆ ದೊರೆಯಿತು. ‘ಶಿವಾನುಭವ’ವೇ ಅವರ ವಿಶ್ವವಿದ್ಯಾಲಯವಾಯಿತೆಂದರೆ ತಪ್ಪಾಗದು. ಹೊಸದಾಗಿ ದೊರೆತ ವಚನಗಳು, ಶರಣರ ಚರಿತ್ರೆ, ಹರಿಹರನ ರಗಳೆಗಳು, ಷಟ್‌ಸ್ಥಲ ವಿಚಾರ ಇವೆಲ್ಲವೂ ಅದರಲ್ಲಿ ಬರತೊಡಗಿದುವು. ಹಳ್ಳಿಯ ಶಾಲೆಯ ಮಾಸ್ತರನೂ ಕಾಲೇಜಿನ ಪಂಡಿತನೂ ಒಂದೇ ಪುಟವನ್ನು ಓದಿ, ಒಪ್ಪಿ, ಒಪ್ಪದೆ, ವಾದಿಸಲು ಅವಕಾಶವಾಯಿತು. 1930ರಲ್ಲಿ ಗೂಳೂರ ಸಿದ್ಧವೀರಣ್ಣನ ‘ಶೂನ್ಯಸಂಪಾದನೆ’ಯನ್ನು ಅಚ್ಚು ಮಾಡಿದರು. ಅದಕ್ಕೂ ಮುಂಚೆ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರ ಸಂಖ್ಯೆ ಸುಮಾರು 50. ಹಳಕಟ್ಟಿಯವರ ಶೋಧದಿಂದ ಅದು 250ರ ಸಮೀಪಕ್ಕೆ ಏರಿತೆಂದು ಸಾಹಿತ್ಯಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ಹೀಗೆ ಸೇರಿದವರಲ್ಲಿ ನಾನಾ ಕಾಯಕದ ಶರಣರೂ ಶರಣೆಯರೂ ಇದ್ದರೆಂಬುದೇ ಸಂಖ್ಯೆಗಿಂತ ಮಿಗಿಲಾದ ಲಾಭ.

ಅವರ ಕೆಲಸದಲ್ಲಿ ಕುಂದುಗಳಿರಲಿಲ್ಲವೆಂದು ಹೇಳುವುದು ಭಕ್ತಿಯಾದೀತು, ವಿಮರ್ಶೆಯಾಗದು. ‘ವಚನಶಾಸ್ತ್ರಸಾರ’ದಲ್ಲಿ ಅವರು ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದರು. ಇದರಿಂದ ಶರಣಧರ್ಮಕ್ಕೆ ಒಂದು ಶಾಸ್ತ್ರದ ಆಕಾರವು ಬಂದಿತು. ಆದರೆ ಒಬ್ಬೊಬ್ಬ ಶರಣನ ಪ್ರತ್ಯೇಕವಾದ ಧ್ವನಿಯು ಆ ಜೋಡಣೆಯಲ್ಲಿ ಸ್ವಲ್ಪ ಮಸುಕಾಯಿತು. ಯಾವ ಪಾಠವು ಯಾವ ಪ್ರತಿಯದು ಎಂಬುದನ್ನು ಹೆಜ್ಜೆಹೆಜ್ಜೆಗೂ ದಾಖಲಿಸುವ ಪದ್ಧತಿಯೂ ಅವರ ಮುದ್ರಣಗಳಲ್ಲಿ ಹೆಚ್ಚಾಗಿ ಕಾಣದು. ಮುಂದೆ ಪ್ರೊ. ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಶ್ರಮಪಟ್ಟು ಪರಿಷ್ಕರಿಸಿದರು. ಆ ಗ್ರಂಥವು ಅವರು ಲಿಂಗೈಕ್ಯರಾದ ಬಳಿಕ 1954ರಲ್ಲಿ ಹೊರಬಂದಿತು. ಶಾಸ್ತ್ರೀಯ ಸಂಪಾದನೆಗೆ ಬೇಕಾದ ಬಿಡುವು, ಗ್ರಂಥಾಲಯ, ಸಹಾಯಕರು ಇವೊಂದೂ ಹಳಕಟ್ಟಿಯವರಿಗಿರಲಿಲ್ಲ. ಗೆದ್ದಲಿನೊಡನೆ ಪಂದ್ಯ ಹೂಡಿದವನಿಗೆ ಮೊದಲು ಉಳಿಸಿಕೊಳ್ಳುವುದೇ ಗುರಿ. ಅವರು ಉಳಿಸಿದುದರಿಂದಲೇ ಅವರನ್ನು ತಿದ್ದುವುದಕ್ಕೂ ಮುಂದಿನವರಿಗೆ ಆಸ್ಪದವಾಯಿತು.

ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1949ರಲ್ಲಿ. 1954ರಿಂದ 1967ರವರೆಗೆ ಅದರ ಕುಲಪತಿ ಸ್ಥಾನದಲ್ಲಿದ್ದ ಡಾ. ದಾ. ಚಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಓದಿದ ಗಣಿತಜ್ಞರು. ಅವರ ಕಾಲದಲ್ಲಿಯೇ ವಚನಗಳ ಪಿತಾಮಹರಿಗೆ ಡಿ.ಲಿಟ್. ಗೌರವವು ಸಂದಿತು. ಗೌರವದ ಶಾಲು ಹೊದಿಸಿ ಸುಮ್ಮನಾಗಿದ್ದರೆ ಅದನ್ನು ಇಲ್ಲಿ ಎತ್ತಿ ಹೇಳುವ ಅಗತ್ಯವಿರುತ್ತಿರಲಿಲ್ಲ. ವಿಶ್ವವಿದ್ಯಾಲಯವು ಆ ಕಾರ್ಯವನ್ನೇ ತನ್ನದನ್ನಾಗಿ ಮಾಡಿಕೊಂಡಿತು. ಡಾ. ಆರ್. ಸಿ. ಹಿರೇಮಠರ ನೇತೃತ್ವದಲ್ಲಿ ಕನ್ನಡ ವಿಭಾಗವು ಹಸ್ತಪ್ರತಿಗಳನ್ನು ಕೂಡಿಸಿ, ಶರಣರ ವಚನಗಳನ್ನು ಒಂದೊಂದಾಗಿ ಪರಿಷ್ಕರಿಸಿ ಪ್ರಕಟಿಸತೊಡಗಿತು. ಹಿತಚಿಂತಕ ಮುದ್ರಣಾಲಯದ ಮೂಲೆಯಲ್ಲಿ ಒಬ್ಬರ ಹೆಗಲ ಮೇಲಿದ್ದ ಭಾರವು ಸಾರ್ವಜನಿಕ ಹಣದಿಂದ ನಡೆಯುವ ವಿದ್ಯಾಸಂಸ್ಥೆಯ ಹೆಗಲಿಗೆ ಬಂದಿತು. ಮಠದ ಮಗನಿಗೂ ಮಠದ ಮೆಟ್ಟಿಲನ್ನು ಹತ್ತದವನ ಮಗಳಿಗೂ ಒಂದೇ ಬೆಂಚಿನ ಮೇಲೆ ಕುಳಿತು ವಚನವನ್ನು ಓದುವ, ಅದರ ಬಗೆಗೆ ಪ್ರಶ್ನಿಸುವ ಹಕ್ಕು ದೊರೆಯಿತು.

ಕೀರ್ತಿಯು ಬಂದರೂ ಸಿರಿಯು ಬರಲಿಲ್ಲ. ಅವರ ಇಳಿವಯಸ್ಸು ಬಡತನದಲ್ಲಿಯೇ ಸಾಗಿತು. ಸಮಾಜವು ಅವರನ್ನು ಸನ್ಮಾನಿಸಿದಷ್ಟು ಸುಲಭವಾಗಿ ಅವರ ಸಾಲದ ಕಡೆ ನೋಡಲಿಲ್ಲವೆಂಬುದು ನಮ್ಮ ಅಭಿಪ್ರಾಯ. 1964ನೆಯ ಜೂನ್ 29ರಂದು ಬಿಜಾಪುರದಲ್ಲಿ ಅವರು ಲಿಂಗೈಕ್ಯರಾದರು. ಇನ್ನು ಮೂರು ದಿನ ಕಳೆದಿದ್ದರೆ 84 ವರ್ಷ ತುಂಬುತ್ತಿತ್ತು.

ಮರುವರ್ಷ, ಎಂದರೆ 1965ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ‘ಶೂನ್ಯಸಂಪಾದನೆ’ಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟವನ್ನು ಹೊರತಂದಿತು. ಡಾ. ಎಸ್. ಸಿ. ನಂದಿಮಠ, ಪ್ರೊ. ಮೆನೆಜಿಸ್, ಡಾ. ಹಿರೇಮಠ ಇವರು ಕೂಡಿ ಅದನ್ನು ಸಿದ್ಧಪಡಿಸಿದ್ದರು, ಪ್ರೊ. ಭೂಸನೂರಮಠ ಮೊದಲಾದವರು ಮುಂದೆ ಕೈಗೂಡಿಸಿ 1972ರ ಹೊತ್ತಿಗೆ ಐದು ಸಂಪುಟಗಳನ್ನು ಪೂರೈಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ಬೆಳೆದ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಜನತೆಯ ಕೈಗಿತ್ತಿತು. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಬಿಜಾಪುರದ ವಿದ್ಯಾಸಂಸ್ಥೆಯು ಅವರ ಹೆಸರಿನಲ್ಲಿಯೇ ಸಂಶೋಧನ ಕೇಂದ್ರವೊಂದನ್ನು ನಡೆಸಿ, ಅವರ ಸಮಗ್ರ ಬರಹಗಳನ್ನೂ ಸಂಪುಟಗಳಾಗಿ ಪ್ರಕಟಿಸಿದೆ.