ಹಡಗು ಹತ್ತಿ ಎಲೆಕ್ಟ್ರಿಕಲ್ ಓದಿದ ಇಂಜಿನಿಯರಮ್ಮ

ಹುಲಿಕಲ್ ಘಾಟಿ ಇಳಿಯುವ ಬಸ್ಸಿನಲ್ಲಿ ಮೊಬೈಲ್ ಮಾತು ಅರ್ಧಕ್ಕೇ ಕಡಿಯುವುದು ಹೊಸದೇನಲ್ಲ. ಗುಡ್ಡ ಅಡ್ಡ ನಿಂತರೆ ರೇಡಿಯೋ ಅಲೆ ದಾಟಲು ಒದ್ದಾಡುತ್ತದೆ, ಅಷ್ಟೇ ವಿಷಯ. ಘಾಟಿಯ ಬುಡದ ಹೊಸಂಗಡಿ ಕಡೆ ವಾರಾಹಿ ನೀರಿನಿಂದ 460 ಮೆಗಾವ್ಯಾಟ್ ಕರೆಂಟು ತೆಗೆಯುವ ಭೂಗರ್ಭ ವಿದ್ಯುದಾಗಾರ ಇದೆ. ಹಾಗಾಗಿ ಈ ಭಾಗದವರಿಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಅಂದರೆ ಡ್ಯಾಮು, ಕಂಬ, ತಂತಿ. ತಂತಿಯಿಲ್ಲದೆ ಮಾತು ಸಾಗಿಸುವ ವಿದ್ಯೆಯೂ ಅದೇ ಮರದ ಕೊಂಬೆ. ಆ ಕೊಂಬೆ ಹಿಡಿದು 1947ರಲ್ಲೇ ಅಮೆರಿಕಕ್ಕೆ ಮಾಸ್ಟರ್ಸ್ ಓದಲು ಹೋದ ಕನ್ನಡದ ಹೆಣ್ಣುಮಗಳು ರಾಜೇಶ್ವರಿ ಚಟರ್ಜಿ.

ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದಲಿ ಎಂದು ದುಡಿದವರು. ಅಂಥ ಮನೆಯ ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿ.ಎಸ್ಸಿ., ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದರು.

1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸಿ.ವಿ. ರಾಮನ್ ಕೈಕೆಳಗೆ ಸಂಶೋಧನೆ ಮಾಡುವ ಆಸೆಯಿತ್ತು. ಫಿಸಿಕ್ಸ್ ಡಿಗ್ರಿ ಇಲ್ಲವೆಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. ಹಿಡಿದದ್ದು ಎಲೆಕ್ಟ್ರಿಕಲ್ ವಿಭಾಗದ ದಾರಿ. ಅದೇ ಒಳ್ಳೆಯದಾಯಿತು ಬಿಡಿ.

ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು. ಮದುವೆಯಾಗದ ಹುಡುಗಿ ಒಬ್ಬಳೇ ಸಮುದ್ರ ದಾಟುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮಾಸ್ಟರ್ಸ್ ಮುಗಿಸಿದರು. ವಾಷಿಂಗ್‌ಟನ್‌ನಲ್ಲಿ ಎಂಟು ತಿಂಗಳು ರೇಡಿಯೋ ಅಲೆ ಅಳೆಯುವ ತರಬೇತಿ ಪಡೆದರು. ಮತ್ತೆ ಮಿಷಿಗನ್‌ಗೆ ಹೋಗಿ 1953ರಲ್ಲಿ ಪಿಎಚ್.ಡಿ. ಪಡೆದರು.

ಅಲ್ಲೇ ನಿಂತಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಇವರು ಅದೇ ವರ್ಷ ಬೆಂಗಳೂರಿಗೆ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆ ಬೆಳೆಸಿದರು. ರೇಡಾರಿಗೂ, ವಿಮಾನಕ್ಕೂ ಬೇಕಾದ ವಿದ್ಯೆ ಅದು. 20 ಜನ ಇವರ ಕೈಕೆಳಗೆ ಪಿಎಚ್.ಡಿ. ಪಡೆದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ ಬಂದವು. 1982ರಲ್ಲಿ ನಿವೃತ್ತರಾದ ಮೇಲೆ ಹೆಣ್ಣುಮಕ್ಕಳ ಕಷ್ಟಸುಖದ ಕೆಲಸಕ್ಕೆ ನಿಂತರು. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಮಗಳ ಬಿ.ಇ. ಮುಗಿಯುತ್ತಲೂ ಓದಿದ್ದು ಸಾಕು, ಇನ್ನು ಗಂಡು ನೋಡೋಣ ಎಂಬ ಮಾತು ಬರುತ್ತದೆ. ಈಗ ಹಡಗು ಹತ್ತಬೇಕಿಲ್ಲ. ಗೇಟ್ ಪರೀಕ್ಷೆ ಪಾಸಾಗಿ ಸರ್ಕಾರಿ ಸಂಸ್ಥೆಯಲ್ಲಿ ಎಂ.ಟೆಕ್. ಸೀಟು ಹಿಡಿದರೆ ತಿಂಗಳು ತಿಂಗಳು ಸ್ಟೈಪೆಂಡೂ ಸಿಗುತ್ತದೆ. ಮಗಳಿಗೆ ಇನ್ನೆರಡು ವರ್ಷ ಬಿಟ್ಟುಕೊಟ್ಟರೆ ಮನೆಯವರ ಗಂಟೇನೂ ಹೋಗುವುದಿಲ್ಲ.