ಒಲೆಯ ಮುಂದೆ ಕುಳಿತ ವಿಜ್ಞಾನಿ

ಆಷಾಢದ ಗಾಳಿ ಶುರುವಾಯಿತೆಂದರೆ ಗುಬ್ಬಿ ಕಡೆಯ ಹಳ್ಳಿಯಲ್ಲಿರುವ ನಮ್ಮಜ್ಜಿಗೆ ಕಷ್ಟಕಾಲ. ಒಲೆಯ ಹೊಗೆ ಕೊಳವೆಯಲ್ಲಿ ಮೇಲೆ ಹೋಗುವ ಬದಲು ತಿರುಗಿ ಅಡುಗೆಮನೆಗೇ ನುಗ್ಗುತ್ತಿತ್ತು. ಅದು ಅಸ್ತ್ರ ಒಲೆ. ಈ ಹೆಸರು ಎಲ್ಲಿಂದ ಬಂತು ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಬದುಕು.

ರೆಡ್ಡಿ ಹುಟ್ಟಿದ್ದು 1930ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ. 1958ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಪಿಎಚ್.ಡಿ. ಪಡೆದರು. 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಬಾಕ್ರಿಸ್ ಅವರೊಂದಿಗೆ ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' 1970ರಲ್ಲಿ ಹೊರಬಂದು ಜಗತ್ತಿನ ವಿದ್ಯಾರ್ಥಿಗಳ ಕೈ ಸೇರಿತು. ಅದೇ ದಾರಿಯಲ್ಲಿ ನಡೆದಿದ್ದರೂ ಅವರ ಹೆಸರು ಉಳಿಯುತ್ತಿತ್ತು.

ಆದರೆ ತಮ್ಮ ವಿಜ್ಞಾನ ಯಾರ ಉಪಯೋಗಕ್ಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1974ರಲ್ಲಿ ಸಹೋದ್ಯೋಗಿಗಳ ಜೊತೆ 'ಅಸ್ತ್ರ' ಆರಂಭಿಸಿದರು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಬಳಕೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳೇ ಆ ಹೆಸರು. ಇದರ ಹಳ್ಳಿ ಕೇಂದ್ರ ನೆಲೆಯೂರಿದ್ದು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ.

ಅಲ್ಲಿ ಮೊದಲು ಮಾಡಿದ್ದು ಯಂತ್ರವನ್ನಲ್ಲ, ಲೆಕ್ಕವನ್ನು. ಹಳ್ಳಿಯಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ ಎಂದು ಮನೆಮನೆಗೆ ಹೋಗಿ ಅಳೆದರು. ವಿದ್ಯುತ್ತಿಗಿಂತ ಸೌದೆಯೇ ದೊಡ್ಡ ಪಾಲು, ಆ ಸೌದೆ ಉರಿಯುವುದು ಅಡುಗೆಗೆ, ದುಡಿಮೆಯ ಹೊರೆ ಹೆಚ್ಚಾಗಿ ಹೆಂಗಸರ ಮೇಲೆ ಎಂಬುದು ಕಂಡಿತು. ನಾವು ಪವರ್ ಎಂದರೆ ಟರ್ಬೈನ್ ಎಂದುಕೊಳ್ಳುತ್ತೇವೆ. ಅವರು ಒಲೆಯನ್ನು ನೋಡಿದರು.

ಅಸ್ತ್ರದ ಎಸ್.ಎಸ್. ಲೋಕ್ರಾಸ್, ಕೆ.ಎಸ್. ಜಗದೀಶ್ ಮುಂತಾದವರು ರೂಪಿಸಿದ್ದೇ ಮೂರು ಪಾತ್ರೆಗಳ ಅಸ್ತ್ರ ಒಲೆ. ಸೌದೆಯ ಕೆಳಗೆ ಗಾಳಿಗೆ ಜಾಲರಿ, ಉರಿಗೆ ಮುಚ್ಚಿದ ಗೂಡು, ಹೊಗೆಗೆ ಕೊಳವೆ. ಬಿಸಿ ಹೊಗೆ ಹಗುರ, ಹಾಗಾಗಿ ಮೇಲೇರುತ್ತದೆ. ಏರುವಾಗ ಹೊಸ ಗಾಳಿಯನ್ನು ಉರಿಗೆ ಎಳೆದುಕೊಳ್ಳುತ್ತದೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಕುಣಿಗಲ್ ತಾಲ್ಲೂಕಿನದೇ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಅಡುಗೆ ಮಾಡಿಸುವ ಯೋಚನೆ ಇತ್ತು. ಅನಿಲ ಸಾಲಲಿಲ್ಲ. ಆಗ ದಾರಿ ಬದಲಿಸಿ, 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ಕುಡಿಯುವ ನೀರು, ದೀಪ ಕೊಟ್ಟರು. ಕೆಲವು ವರ್ಷಗಳ ನಂತರ ಅದೂ ನಿಂತಿತು. ಏಕೆ ನಿಂತಿತು, ಅದರಿಂದ ಕಲಿತದ್ದೇನು ಎಂದು ರೆಡ್ಡಿ 2004ರಲ್ಲಿ ಲೇಖನವನ್ನೇ ಬರೆದರು. ಸೋಲನ್ನು ರೆಸ್ಯೂಮೆಯಿಂದ ಅಳಿಸಿಹಾಕುವ ನಮಗೆ ಇದು ಯೋಚಿಸಬೇಕಾದ ಮಾತು.

2000ದಲ್ಲಿ ವೋಲ್ವೋ ಪರಿಸರ ಪ್ರಶಸ್ತಿಯನ್ನು ಅವರು ಇತರ ಮೂವರೊಂದಿಗೆ ಹಂಚಿಕೊಂಡರು. 2006ರ ಮೇ 7ರಂದು ತೀರಿಕೊಂಡರು. ನನ್ನ ವಯಸ್ಸಿನವರಿಗೆ ಅವರನ್ನು ನೋಡುವ ಅವಕಾಶವೇ ಇರಲಿಲ್ಲ.

ಈ ಸಲದ ಆಷಾಢದಲ್ಲಿ ಅಜ್ಜಿಯ ಮನೆಯ ಮಾಡು ಹತ್ತಿದೆ. ತಪ್ಪು ಒಲೆಯದ್ದಲ್ಲ, ಕೊಳವೆಯ ಎತ್ತರದ್ದು. ಅದರ ತುದಿ ಮಾಡಿನ ನೆತ್ತಿಗಿಂತ ಕೆಳಗಿತ್ತು. ನೆತ್ತಿ ದಾಟಿ ಇಳಿಯುವ ಗಾಳಿ ನೇರವಾಗಿ ಕೊಳವೆಯ ಬಾಯಿಗೆ ಹೊಡೆದು ಹೊಗೆಯನ್ನು ಕೆಳಕ್ಕೆ ತಳ್ಳುತ್ತಿತ್ತು. ಕೊಳವೆಯನ್ನು ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿದೆವು, ಸುತ್ತ ಹೊಗೆ ಹೋಗಲು ಜಾಗ ಬಿಟ್ಟು ಮೇಲೊಂದು ತಗಡಿನ ಟೋಪಿ ಕೂರಿಸಿದೆವು, ಒಳಗಿನ ಮಸಿ ಕೆರೆದೆವು. ತಣ್ಣಗಿರುವ ಕೊಳವೆ ಬೇಗ ಎಳೆಯುವುದಿಲ್ಲ. ಆದ್ದರಿಂದ ಮೊದಲು ಒಣ ತೆಂಗಿನಗರಿ ಉರಿಸಿ ಅದನ್ನು ಬೆಚ್ಚಗೆ ಮಾಡಿ, ಕಿಟಕಿ ಸ್ವಲ್ಪ ತೆರೆದಿಡಿ ಎಂದು ಅಜ್ಜಿಗೆ ಹೇಳಿದೆ. ಕಿಟಕಿಯ ವಿಷಯ ತನಗೆ ಮೊದಲೇ ಗೊತ್ತಿತ್ತು ಎಂದು ಅಜ್ಜಿ ನಕ್ಕರು!

ಶಿರಾ ಗೇಟಿನ ರೂಮಿನಲ್ಲಿ ಕುಳಿತು ಪ್ಲೇಸ್‌ಮೆಂಟ್‌ಗೆ ತಯಾರಾಗುವಾಗ ಈಗ ಅನಿಸುತ್ತದೆ: ಅಜ್ಜಿಯನ್ನು ಕೇಳಿದ್ದರೆ ಇದನ್ನು ಎಷ್ಟೋ ವರ್ಷ ಮೊದಲೇ ಸರಿಪಡಿಸಬಹುದಿತ್ತು. ರೆಡ್ಡಿ ಮೊದಲು ಕೇಳಿದರು, ಅಳೆದರು, ಆಮೇಲೆ ಕಟ್ಟಿದರು. ಗೆಳೆಯರೇ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಒಮ್ಮೆ ಮನೆಯ ಅಡುಗೆಕೋಣೆಗೆ ಹೋಗಿ ನೋಡಿ.