ಸಸ್ಯಗಳ ಕುಲ ಬಲ್ಲ ಜಾನಕಿ ಅಮ್ಮಾಳ್

ವಿದ್ಯಾರ್ಥಿಗಳೇ, ಹಂಗಾಮು ಬಂತೆಂದರೆ ಗಡಹಿಂಗ್ಲಜದಿಂದ ಕೊಲ್ಹಾಪುರದವರೆಗೆ ದಾರಿಯಲ್ಲೆಲ್ಲ ಕಬ್ಬಿನ ಗಾಡಿಗಳ ಸಾಲು. ಗಾಣಗಳಿಂದ ಬಿಸಿ ಬೆಲ್ಲದ ವಾಸನೆ. ಈ ಕಬ್ಬಿನ ಹಿರಿಯರು ಯಾರು, ಅವರ ತವರು ಯಾವುದು ಎಂದು ನೀವು ಯೋಚಿಸಿದ್ದೀರಾ? ಅದನ್ನು ಶೋಧಿಸಿದವರಲ್ಲಿ ಜಾನಕಿ ಅಮ್ಮಾಳ್ ಒಬ್ಬರು.

ಅವರು 1897ರ ನವೆಂಬರ್ 4ರಂದು ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಮದುವೆಯೇ ಗುರಿ ಎಂದು ತಿಳಿದಿದ್ದ ಆ ಕಾಲದಲ್ಲಿ ಅವರು ವಿದ್ಯೆಯನ್ನೇ ಆರಿಸಿಕೊಂಡರು. ಮದರಾಸಿನಲ್ಲಿ ಪದವಿ ಪಡೆದು, ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1931ರಲ್ಲಿ ಡಾಕ್ಟರೇಟ್ ಗಳಿಸಿದರು.

1934ರಲ್ಲಿ ಅವರು ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾಲಯವನ್ನು ಸೇರಿದರು. ಹೊಳೆದಂಡೆಯಲ್ಲಿ ಬಿಳಿ ಕುಚ್ಚಿನಂಥ ಹೂ ಬಿಡುವ ಕಾಡುಕಬ್ಬನ್ನು ಸಿಹಿಕಬ್ಬಿನೊಡನೆ ಕೂಡಿಸಿ, 1918ರಲ್ಲೇ ಅಲ್ಲಿ ಕೋ 205 ಎಂಬ ಗಟ್ಟಿ ತಳಿಯನ್ನು ಹೊರತಂದಿದ್ದರು. ಜಾನಕಿ ಅಮ್ಮಾಳ್ ಈ ಸಸ್ಯಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ವರ್ಣತಂತುಗಳೆಂದರೆ ಜೀವಕೋಶದೊಳಗಿದ್ದು ವಂಶದ ಗುಣಗಳನ್ನು ಹೊರುವ ಎಳೆಗಳು. ಇಚಲಕರಂಜಿಯ ನೇಕಾರರು ನೂಲಿನ ಎಳೆ ಎಣಿಸಿ ಬಟ್ಟೆಯ ತರ ಹೇಳುವಂತೆ, ಅವರು ಈ ಎಳೆ ಎಣಿಸಿ ಸಸ್ಯದ ಕುಲ ಹೇಳಿದರು. ಮನುಷ್ಯನಲ್ಲಿ ಇವು 46, ಸಿಹಿಕಬ್ಬಿನಲ್ಲಿ 80. ಕಾಡುಕಬ್ಬಿನಲ್ಲಾದರೋ ಪ್ರದೇಶಕ್ಕೆ ತಕ್ಕಂತೆ 40ರಿಂದ 128ರವರೆಗೆ! ಹೀಗೆ ಎಳೆಗಳ ಲೆಕ್ಕವೇ ಸಸ್ಯ ಹರಡಿದ ದಾರಿಯನ್ನು ತೋರುವ ಗುರುತಾಯಿತು.

ಮಹಾಯುದ್ಧದ ಕಾಲದಲ್ಲಿ ಅವರು ಇಂಗ್ಲೆಂಡಿನಲ್ಲಿ ದುಡಿದರು. 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ, ಬೆಳೆಸಸ್ಯಗಳ ವರ್ಣತಂತುಗಳ ಲೆಕ್ಕವನ್ನೆಲ್ಲ ಕೂಡಿಸಿದ ದೊಡ್ಡ ಗ್ರಂಥವನ್ನು ಹೊರತಂದರು. 1951ರಲ್ಲಿ ನೆಹರೂ ಅವರ ಕರೆಗೆ ಓಗೊಟ್ಟು ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣೆಯ ಪುನರ್ರಚನೆಗೆ ನೆರವಾದರು. ಹಿಮಾಲಯದ ಒಣ ವಾಯವ್ಯಕ್ಕಿಂತ ತೇವದ ಈಶಾನ್ಯದಲ್ಲಿ ಹೊಸ ಜಾತಿಗಳು ಹೆಚ್ಚು ಹುಟ್ಟಿದ್ದಕ್ಕೆ, ವರ್ಣತಂತುಗಳು ಇಮ್ಮಡಿ ಮುಮ್ಮಡಿಯಾದದ್ದೇ ಕಾರಣವೆಂದು ಅವರು ವಿವರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಇಂದು ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾದ ಡಿಎನ್‌ಎ ಗುರುತುಗಳನ್ನು ಬಳಸುತ್ತಾರೆ. ಒಂದು ಎಲೆ, ಒಂದು ಕೂದಲು ಸಿಕ್ಕರೂ ಸಾಕು, ಯಾವ ಕಾಡಿನ ಜೀವಿ ಯಾವುದಕ್ಕೆ ನಂಟೆಂದು ತಿಳಿಯಬಲ್ಲರು. ಆದರೆ ಕಾಡೇ ಇಲ್ಲವಾದರೆ ಗುರುತು ಹುಡುಕುವುದಾದರೂ ಎಲ್ಲಿ?

ಜಾನಕಿ ಅಮ್ಮಾಳ್ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ಮಳೆಕಾಡನ್ನು ಮುಳುಗಿಸುವ ಯೋಜನೆ ಬಂದಾಗ, ಎಂಬತ್ತರ ಆ ಮುದುಕಿ ವಿರೋಧಿಸಿದವರ ಜೊತೆಗೆ ನಿಂತರು. ಅಲ್ಲಿಯ ಮರಗಳ ವರ್ಣತಂತುಗಳನ್ನು ಎಣಿಸುವ ಕೆಲಸಕ್ಕೂ ಕೈಹಾಕಿದರು. 1984ರ ಫೆಬ್ರವರಿ 7ರಂದು ಅವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಆ ಸುದ್ದಿ ಕೇಳಲು ಅವರಿರಲಿಲ್ಲ. ಕಾಡು ಮಾತ್ರ ಉಳಿಯಿತು.

ತಂದೆತಾಯಿಗಳೇ, ನಿಮ್ಮ ಮಗಳು ಹೊಲದ ಬದುವಿನ ಹುಲ್ಲನ್ನು ಕಿತ್ತು ಇದರ ಹೆಸರೇನೆಂದು ಕೇಳಿದರೆ ಗದರಿಸಬೇಡಿರಿ. ಜಾನಕಿ ಅಮ್ಮಾಳ್ ಆಯುಷ್ಯವಿಡೀ ಕೇಳಿದ್ದೂ ಅದನ್ನೇ.